ಯುರೋಪಿಯನ್ ಯೂನಿಯನ್ ಒಡದ್ ಹೋಗ್ತದೇನ್ರಿ?

ತೊಗರಿ ಮಂದಿ, ಕಲಬುರಗಿ:
ನಿನ್ನಿ ಸೂಪರ್ ಮಾರ್ಕೆಟ್ ಹತ್ರ ಚಾ ಕುಡಿಯೂಮುಂದ ನಮ್ಮ ದೋಸ್ತ್ ಒಬ್ಬಾವ ಶರ್ತ ಕಟ್ಟ್ಯಾನ, ಬ್ರಿಟನ್ ಹೋತು ಇನ್ನ ಹತ್ತ್ ವರ್ಷದಾಗ ಉಳಿದವ್ರೂ ಹೋಗ್ತಾರ ಅಂತ. ಖರೆ ಏನ್ರಿ?

ಬೀದರ್ ಹುಡುಗ:
ಅಷ್ಟ್ ಸರಳ ಇಲ್ರಿ ಅಣ್ಣ. ಬ್ರಿಟನ್ 2016ರಾಗ ವೋಟ್ ಹಾಕಿದ್ರೂ ಹೊರಗ ಬಿದ್ದದ್ದು 2020ರ ಜನವರಿ 31ಕ್ಕ, ಅದೂ ಸ್ವಂತ ಪೌಂಡ್ ಇದ್ದ ದೇಶ. ಯುರೋ ನೋಟು ಕಿಸೆದಾಗ ಇದ್ದವ್ರು ಹೆಂಗ್ ಬಿಡ್ತಾರ? ಗ್ರೀಸ್ ನೋಡ್ರಿ, 2015ರಾಗ ಬ್ಯಾಂಕ್ ಬಂದ್, ಎಟಿಎಂನಾಗ ದಿನಕ್ಕ 60 ಯುರೋ ಅಷ್ಟ, ಮಂದಿ ಸಾಲದ ಶರ್ತ ಬ್ಯಾಡ ಅಂತ ವೋಟ್ ಹಾಕಿದ್ರು, ಆದ್ರೂ ಕಡೀಕ ಯುರೋದಾಗೇ ಉಳದ್ರು.

ಭೀಮಾ ದಂಡಿ, ಯಾದಗಿರಿ:
ಒಡ್ಯೂದಿಲ್ಲ, ಸಡ್ಲ ಆಗ್ತದ ಅಂತೀನಿ ನಾ. ವಿದೇಶಾಂಗದ ದೊಡ್ಡ ವಿಷಯಕ್ಕ 27 ದೇಶಾನೂ ಹೂಂ ಅನಬೇಕು, ಹಂಗೇರಿ ಎಷ್ಟ್ ಸಲ ಅಡ್ಡ ಹಾಕ್ಯದ, ಆದ್ರ ಫಂಡ್ ಮಾತ್ರ ಬೇಕು. ನಮ್ಮ ಮನ್ಯಾಗ ನಾಕ್ ಮಂದಿ ಅಣ್ತಮ್ರು, ಬಾವಿ ಮೋಟರ್ ಸುಟ್ಟ್ ಎರಡ್ ತಿಂಗಳಾತು, ರೊಕ್ಕ ಯಾರ್ ಹಾಕ್ಬೇಕು ಅಂತ ಇನ್ನಾ ಜಗಳ. ಆದ್ರ ಪಾಲು ಯಾರೂ ಕೇಳವಲ್ರು, ಬಾವಿ ಒಂದೇ ಅದಲ್ಲ.

ತೊಗರಿ ಮಂದಿ, ಕಲಬುರಗಿ:
ಅಂದ್ರ ಎರಡ್ ಪ್ಲೇಟ್ ಮಿರ್ಚಿ ನಂದ ಅನ್ರಿ. ಆದ್ರ ಹತ್ತ್ ವರ್ಷ ಕಾಯ್ಬೇಕಲ್ರಿ 😄