ಒಂದು ಪಾಲಿಸಿ, ಒಂದು ಠೇವಣಿ ರಸೀದಿ: ದೂರು ಎಲ್ಲಿಗೆ ಕೊಡಬೇಕು?

ಪ್ರಶ್ನೆ, ದಾವಣಗೆರೆಯಿಂದ:

ನಿವೃತ್ತರಾದ ನನ್ನ ತಂದೆಯವರು ಎಫ್‌ಡಿ ಇಡಲೆಂದು ಬ್ಯಾಂಕಿಗೆ ಹೋಗಿದ್ದರು. ಮನೆಗೆ ಬಂದದ್ದು ವರ್ಷಕ್ಕೆ 2 ಲಕ್ಷದಂತೆ 10 ವರ್ಷ ಕಂತು ಕಟ್ಟಬೇಕಾದ ಜೀವ ವಿಮಾ ಪಾಲಿಸಿ. ಇದಲ್ಲದೆ, ಊರಿನ ಪಾಲುದಾರಿಕೆಯ ಫೈನಾನ್ಸ್ ಒಂದರಲ್ಲಿ ಅವರು ಇಟ್ಟಿದ್ದ 3 ಲಕ್ಷಕ್ಕೆ ಎಂಟು ತಿಂಗಳಿಂದ ಬಡ್ಡಿ ಬಂದಿಲ್ಲ. ಅವಧಿ ಮುಗಿದರೂ ಅಸಲು ಕೈಸೇರಿಲ್ಲ. ಠೇವಣಿದಾರರ ರಕ್ಷಣೆಗೆ ರಾಜ್ಯದ್ದೇ ಒಂದು ಕಾಯ್ದೆ ಇದೆಯೆಂದು ಕೇಳಿದ್ದೇನೆ. ಎರಡಕ್ಕೂ ಅದರಡಿಯಲ್ಲೇ ದೂರು ಕೊಡಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ, ಮೈಸೂರಿನಿಂದ:

ಪಾಲಿಸಿಗೆ ಅದು ಬರುವುದಿಲ್ಲ. ರಾಜ್ಯದ ಆ ಕಾಯ್ದೆ ಇರುವುದು ಠೇವಣಿಗೆ. ವಿಮೆ ಕೇಂದ್ರದ ಕಾನೂನಿಗೆ ಮತ್ತು ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಸೇರಿದ್ದು. ಠೇವಣಿಯ ಬಗ್ಗೆ ತಿಳಿದವರು ಬೇರೆ ಹೇಳಲಿ, ನಾನು ಪಾಲಿಸಿಯ ಮಾತನ್ನಷ್ಟೇ ಆಡುತ್ತೇನೆ.

ಮೊದಲು ಪಾಲಿಸಿ ಬಂದ ಅಂಚೆ ಲಕೋಟೆಯನ್ನು ಹುಡುಕಿ. 2024ರ ನಿಯಮಗಳ ಪ್ರಕಾರ, ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಬೇಡವೆಂದು ಹಿಂದಿರುಗಿಸಬಹುದು. ಅಷ್ಟು ದಿನದ ವಿಮಾ ರಕ್ಷಣೆಯ ವೆಚ್ಚ, ವೈದ್ಯಕೀಯ ಪರೀಕ್ಷೆ ನಡೆದಿದ್ದರೆ ಅದರ ಖರ್ಚು ಹಾಗೂ ಸ್ಟಾಂಪ್ ಶುಲ್ಕವನ್ನು ಕಳೆದು ಉಳಿದ ಹಣವನ್ನು ಕಂಪನಿ ಮರಳಿಸಬೇಕು. ಅರ್ಜಿಯನ್ನು ವಿಮಾ ಕಂಪನಿಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ಬ್ಯಾಂಕಿನವರು "ನೋಡೋಣ, ಮ್ಯಾನೇಜರ್ ರಜೆಯಲ್ಲಿದ್ದಾರೆ" ಎನ್ನುತ್ತಲೇ ಆ ಮೂವತ್ತು ದಿನ ಕಳೆಸಿಬಿಡುತ್ತಾರೆ.

ನಮ್ಮ ಅತ್ತೆಯವರ ಪಾಲಿಸಿ ಮೂರು ತಿಂಗಳು ಬೀರುವಿನಲ್ಲೇ ಇದ್ದುದರಿಂದ ಆ ಅವಕಾಶ ತಪ್ಪಿತು. ಕಂಪನಿಗೆ ದೂರು ಬರೆದಾಗ, "ಪಾಲಿಸಿ ಒಪ್ಪಿಗೆಯೇ ಎಂದು ಕೇಳಿದ ಪರಿಶೀಲನೆಯ ಕರೆಯಲ್ಲಿ ನೀವೇ ಹೌದು ಎಂದಿದ್ದೀರಿ" ಎಂಬ ಉತ್ತರ ಬಂತು. ಆ ಕರೆಯ ಧ್ವನಿಮುದ್ರಣವನ್ನೂ ಪ್ರಸ್ತಾವನಾ ಅರ್ಜಿಯ ಪ್ರತಿಯನ್ನೂ ಪಟ್ಟುಹಿಡಿದು ಕೇಳಿದೆವು. ತಿಂಗಳಿಗೆ 26 ಸಾವಿರ ಪಿಂಚಣಿ ಪಡೆಯುವ ಅತ್ತೆಯವರ ವಾರ್ಷಿಕ ಆದಾಯ ಆ ಅರ್ಜಿಯಲ್ಲಿ 9 ಲಕ್ಷವೆಂದಿತ್ತು. ಕೆಳಗಿನ ಸಹಿ ಅವರದೇ, ಮೇಲಿನ ಅಕ್ಷರ ಮಾತ್ರ ಬೇರೆಯವರದು. ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಆ ಒಂದು ಹಾಳೆಯನ್ನು ಮುಂದಿಟ್ಟುಕೊಂಡೇ ದೂರು ಸಲ್ಲಿಸಿದೆವು, ಕಂತು ಮರಳಿ ಬಂತು. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷದವರೆಗಿನ ಪರಿಹಾರಕ್ಕೆ ಅಧಿಕಾರವಿದೆ. ಆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ಮತ್ತು ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಸಲ್ಲಿಸಬೇಕು.

ಉತ್ತರ, ಶಿವಮೊಗ್ಗದಿಂದ:

ಠೇವಣಿಯ ಪೆಟ್ಟು ತಿಂದವನು ನಾನು. ನೀವು ಕೇಳಿರುವುದು 2004ರ ಕರ್ನಾಟಕ ಹಣಕಾಸು ಸಂಸ್ಥೆಗಳಲ್ಲಿನ ಠೇವಣಿದಾರರ ಹಿತರಕ್ಷಣಾ ಕಾಯ್ದೆ. ಪೊಲೀಸರೂ ವಕೀಲರೂ ಕೆಪಿಐಡಿ ಎಂದೇ ಕರೆಯುತ್ತಾರೆ. ಗ್ರಾಹಕ ಆಯೋಗ ಹಣ ಕೊಡಿರೆಂದು ಆದೇಶಿಸಬಹುದು. ಅಷ್ಟರಲ್ಲಿ ಪಾಲುದಾರರು ಸೈಟು ಮಾರಿಕೊಂಡಿದ್ದರೆ ಆ ಆದೇಶವನ್ನು ಇಟ್ಟುಕೊಂಡು ಏನು ಮಾಡುವುದು? ಈ ಕಾಯ್ದೆಯಡಿ ಸರ್ಕಾರ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಿ ಅದಕ್ಕೆಂದೇ ನೇಮಿಸಿದ ಅಧಿಕಾರಿಯ (ಸಕ್ಷಮ ಪ್ರಾಧಿಕಾರದ) ವಶಕ್ಕೆ ಕೊಡುತ್ತದೆ, ವಿಶೇಷ ನ್ಯಾಯಾಲಯ ಅದನ್ನು ಖಾಯಂಗೊಳಿಸಿದ ಮೇಲೆ ಮಾರಾಟದ ಹಣವನ್ನು ಠೇವಣಿದಾರರಿಗೆಲ್ಲ ನ್ಯಾಯವಾಗಿ ಹಂಚಬೇಕಾಗುತ್ತದೆ. 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಮುಳುಗಿದಾಗ ಸರ್ಕಾರ ಹಿಡಿದದ್ದೂ ಇದೇ ದಾರಿಯನ್ನು.

ನಿಧಾನವೆನ್ನುವುದು ನಿಜ. ನಾವು ಮೂವತ್ತನಾಲ್ಕು ಮಂದಿ ಸೇರಿ ಠಾಣೆಗೆ ದೂರು ಕೊಟ್ಟು ನಾಲ್ಕು ವರ್ಷವಾಯಿತು, ಈವರೆಗೆ ಅಸಲಿನ ಮೂರನೇ ಒಂದು ಭಾಗ ಬಂದಿದೆ. ಬಡ್ಡಿಯ ಆಸೆಯನ್ನು ಬಿಟ್ಟಿದ್ದೇವೆ.

ತಂದೆಯವರಿಗೆ ಒಂದು ವಿಷಯವನ್ನು ಈಗಲೇ ಹೇಳಿ: ನವೀಕರಣಕ್ಕೆಂದು ಮೂಲ ರಸೀದಿಯನ್ನು ಕೇಳಿದರೆ ಕೊಡಬಾರದು. ನಮ್ಮಲ್ಲಿ ಹಾಗೆ ಕೊಟ್ಟ ಇಬ್ಬರಿಗೆ ಬದಲಿಗೆ ಸಿಕ್ಕಿದ್ದು "ಕೈಸಾಲ" ಎಂದು ಬರೆದ ಚೀಟಿ. ಅದು ಠೇವಣಿಯೇ ಎಂದು ಸಾಧಿಸಲು ಅವರು ಹಳೆಯ ಪಾಸ್‌ಬುಕ್‌ನಲ್ಲಿ ಬಡ್ಡಿ ಜಮೆಯಾದ ಸಾಲುಗಳನ್ನೆಲ್ಲ ಗುರುತು ಹಾಕಿ ತೋರಿಸಬೇಕಾಯಿತು.

ಉತ್ತರ, ಹುಬ್ಬಳ್ಳಿಯಿಂದ:

ಪಾಲಿಸಿಯ ವಿಷಯದಲ್ಲಿ ಒಂದು ಸೇರ್ಪಡೆ. ತಂದೆಯವರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ಎರಡು ವರ್ಷಗಳೊಳಗೆ ಹೋಗಬಹುದು, ಪಾವತಿಸಿದ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದರೆ ಓಂಬುಡ್ಸ್‌ಮನ್ ಅದೇ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ನಾನು ಅವಸರದಲ್ಲಿ ಎರಡೂ ಕಡೆ ಹಾಕಿ ಒಂದನ್ನು ಕಳೆದುಕೊಂಡೆ. ಹಾಗಾಗಿ ಓಂಬುಡ್ಸ್‌ಮನ್‌ನಿಂದಲೇ ಶುರು ಮಾಡುವುದು ಲೇಸು.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಧನ್ಯವಾದಗಳು. ಲಕೋಟೆ ರದ್ದಿ ಪೇಪರಿನ ಕಟ್ಟಿನಲ್ಲಿ ಸಿಕ್ಕಿತು. ಅದರ ಪ್ರಕಾರ ಪಾಲಿಸಿ ಬಂದು ಇಂದಿಗೆ 22 ದಿನ. ಹಿಂದಿರುಗಿಸುವ ಅರ್ಜಿಯನ್ನು ತಂದೆಯವರು ತಮ್ಮ ಕೈಯಾರೆ ಬರೆದಿದ್ದಾರೆ. ನಾಳೆ ಬೆಳಿಗ್ಗೆ ಕಂಪನಿಯ ಶಾಖೆಗೆ ಒಟ್ಟಿಗೇ ಹೋಗುತ್ತಿದ್ದೇವೆ. ಫೈನಾನ್ಸ್‌ನವರು ಮೂಲ ರಸೀದಿಯೊಂದಿಗೆ ಸೋಮವಾರ ಬರಹೇಳಿದ್ದರು. ಅದರ ಜೆರಾಕ್ಸ್ ಪ್ರತಿಯನ್ನಷ್ಟೇ ತೆಗೆದುಕೊಂಡು ಹೋಗುತ್ತೇವೆ.