ಸಹಾಯ ಬೇಕು: ಮೂಲ ಸಮೇತ ಹಳೆಯ ಚೀನೀ ನಾಣ್ಣುಡಿಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಗೋಡೆಪತ್ರಿಕೆಗೆ ಹಳೆಯ ಚೀನೀ ನಾಣ್ಣುಡಿಗಳನ್ನು ಆರಿಸುತ್ತಿದ್ದೇನೆ. ವಾಟ್ಸಾಪ್‌ನಲ್ಲಿ ಬರೋದೆಲ್ಲ ಕನ್‌ಫ್ಯೂಷಿಯಸ್ ಹೆಸರಲ್ಲೇ ಇರುತ್ತೆ. ಆದರೆ ‘ಸಾವಿರ ಲೀ (ದೂರ ಅಳೆಯುವ ಹಳೆಯ ಚೀನೀ ಮಾನ) ಪಯಣ ಕಾಲಡಿಯಿಂದಲೇ ಶುರು’ ಅನ್ನೋದು ಲಾವೋತ್ಸೆಯ ‘ತಾವೋ ತೆ ಚಿಂಗ್’ ಗ್ರಂಥದ 64ನೇ ಅಧ್ಯಾಯದ್ದು. ಮಕ್ಕಳ ಮುಂದೆ ತಪ್ಪು ಹೆಸರು ಇಡಲು ಮನಸ್ಸಿಲ್ಲ.

ಹಳೆಯ ಚೀನೀ ತತ್ವಜ್ಞಾನಿ ಮೆನ್ಸಿಯಸ್ ಹೇಳಿದ ಸೊಂಗ್ ರಾಜ್ಯದ ರೈತನ ಕಥೆ ಆಗಲೇ ಆರಿಸಿದ್ದೇನೆ. ಪೈರು ಬೇಗ ಬೆಳೆಯಲೆಂದು ಸಸಿಗಳನ್ನು ಮೇಲಕ್ಕೆ ಜಗ್ಗಿ, ಸುಸ್ತಾಗಿ ಮನೆಗೆ ಬಂದು, ‘ಇವತ್ತು ಪೈರು ಬೆಳೆಯೋಕೆ ಸಹಾಯ ಮಾಡಿದೆ’ ಅಂದನಂತೆ. ಮಗ ಓಡಿಹೋಗಿ ನೋಡಿದರೆ ಎಲ್ಲ ಬಾಡಿಹೋಗಿತ್ತು! ಎಂಟನೇ ಕ್ಲಾಸಿನವರಿಗೆ ತಾಳ್ಮೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡೋದು ಕಷ್ಟ.

ಹೀಗೆ ಕಥೆಯಿರುವ ಮಾತುಗಳು, ಅದರಲ್ಲೂ ಸ್ನೇಹ, ಪ್ರಾಮಾಣಿಕತೆ ಬಗ್ಗೆ, ಯಾರಿಗಾದರೂ ಗೊತ್ತಿದ್ದರೆ ಗ್ರಂಥ, ಅಧ್ಯಾಯ ಸಮೇತ ದಯವಿಟ್ಟು ತಿಳಿಸಿ. ಚೀನೀ ಓದಬಲ್ಲವರು ಇದ್ದರೆ ಇನ್ನೂ ಉಪಕಾರ.