ಯುದ್ಧಕಾಲದ ಹಣದುಬ್ಬರ: ಉತ್ಪಾದನಾ ವೆಚ್ಚ ತಗ್ಗಿಸುವುದರಿಂದ ಏನಾದರೂ ಪ್ರಯೋಜನವಿದೆಯೇ?

ಪ್ರಶ್ನೆ

ಯುದ್ಧ ನಡೆಯುವಾಗ ಸರ್ಕಾರ ಸಾಲ ಮಾಡಿ ಖರ್ಚು ಮಾಡುತ್ತದೆ, ಜನರ ಕೈಗೆ ಕೂಲಿಯ ಹಣ ಸೇರುತ್ತದೆ, ಆದರೆ ಕಾರ್ಖಾನೆಗಳೆಲ್ಲ ಟ್ಯಾಂಕು, ವಿಮಾನಗಳ ತಯಾರಿಕೆಗೆ ತಿರುಗಿರುವುದರಿಂದ ಕೊಳ್ಳಲು ಸರಕು ಇರುವುದಿಲ್ಲ. ಬೆಲೆ ಏರುವುದು ಈ ಕಾರಣಕ್ಕಾದರೆ, ಒಂದು ಹಡಗನ್ನು ಅಗ್ಗವಾಗಿ ಕಟ್ಟಿದ ಮಾತ್ರಕ್ಕೆ ಬಟ್ಟೆಯ ಬೆಲೆ ಹೇಗೆ ಹಿಡಿತಕ್ಕೆ ಬರುತ್ತದೆ? ತೆರಿಗೆ, ಪಡಿತರ, ಬೆಲೆ ನಿಯಂತ್ರಣ ಇವಷ್ಟೇ ನಿಜವಾದ ಉಪಾಯಗಳಲ್ಲವೇ?

ಉತ್ತರ 1

ವೆಚ್ಚವನ್ನು ಹಣದಲ್ಲಿ ಮಾತ್ರವಲ್ಲದೆ ದುಡಿಮೆಯ ಗಂಟೆಗಳಲ್ಲಿಯೂ ಉಕ್ಕಿನಲ್ಲಿಯೂ ಅಳೆದು ನೋಡಿದರೆ ಸಂಬಂಧ ಕಾಣುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಸರಕು ಹಡಗುಗಳಲ್ಲಿ ಮೊದಮೊದಲಿನವುಗಳಿಗೆ ಸುಮಾರು 230 ದಿನಗಳು ಹಿಡಿದವು; ರಿವೆಟ್ (ಲೋಹದ ಹಾಳೆಗಳನ್ನು ಕೂಡಿಸುವ ಮೊಳೆ) ಬದಲು ಬೆಸುಗೆ ಬಳಸಿ, ದೊಡ್ಡ ಭಾಗಗಳನ್ನು ಬೇರೆಡೆ ಜೋಡಿಸಿ ತಂದು, ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಕಟ್ಟಿದ್ದರಿಂದ ಆ ಅವಧಿ ಸರಾಸರಿ 42 ದಿನಗಳಿಗೆ ಇಳಿಯಿತು. (1942ರ ನವೆಂಬರಿನಲ್ಲಿ ಒಂದು ಹಡಗನ್ನು ಐದು ದಿನಗಳೊಳಗೆ ಕಟ್ಟಿದ್ದು ಪ್ರಚಾರಕ್ಕಾಗಿ ನಡೆದ ಸಾಹಸ, ಅದನ್ನು ಅಳತೆಗೋಲಾಗಿ ಹಿಡಿಯಬಾರದು.) ಅಷ್ಟೇ ಹಡಗುಗಳಿಗೆ ಕಡಿಮೆ ಜನ ಸಾಕಾದಾಗ, ಹೆಚ್ಚು ಕೂಲಿಯ ಆಸೆ ತೋರಿಸಿ ಇತರ ಉದ್ಯೋಗಗಳಿಂದ ಕೆಲಸಗಾರರನ್ನು ಸೆಳೆಯುವ ಒತ್ತಡವೂ ಸರ್ಕಾರ ಎತ್ತಬೇಕಾದ ಸಾಲವೂ ಅಷ್ಟರಮಟ್ಟಿಗೆ ತಗ್ಗುತ್ತವೆ. ಆದರೆ ಹೀಗೆ ಉಳಿತಾಯವಾದ ಶ್ರಮದ ಬಹುಪಾಲು ಇನ್ನಷ್ಟು ಹಡಗುಗಳಿಗೇ ಹೋಯಿತೆಂಬುದನ್ನೂ ಹೇಳಬೇಕು. ಹಾಗಾಗಿ ಬೆಲೆ ಇಳಿಯಿತು ಎನ್ನುವುದಕ್ಕಿಂತ ಏರಿಕೆಯ ಒತ್ತಡ ಕಡಿಮೆಯಾಯಿತು ಎನ್ನುವುದು ಸರಿ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಉಳಿತಾಯ ಯಾರ ಕೈ ಸೇರುತ್ತದೆ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಲಾಭ ಎಂಬ ಗುತ್ತಿಗೆಯಲ್ಲಿ ತಯಾರಕನಿಗೆ ವೆಚ್ಚ ಹೆಚ್ಚಿದಷ್ಟೂ ಲಾಭ. ಮೊದಲನೆಯ ಮಹಾಯುದ್ಧದ ಕಹಿ ಅನುಭವದಿಂದ ಅಮೆರಿಕ ಇಂಥ ಗುತ್ತಿಗೆಯನ್ನು 1941ರಲ್ಲಿ ನಿಷೇಧಿಸಿತು; ಮಿತಿಮೀರಿದ ಲಾಭವನ್ನು ಮರುಪರಿಶೀಲಿಸಿ ಹಿಂಪಡೆಯುವ ಕಾನೂನನ್ನು 1942ರಲ್ಲಿ ತಂದಿತು. ಅದೇ ವರ್ಷ ಬೆಲೆ ಆಡಳಿತ ಕಚೇರಿಯು ಹೆಚ್ಚಿನ ಸರಕುಗಳಿಗೆ ಮಾರ್ಚ್ ತಿಂಗಳ ಗರಿಷ್ಠ ಬೆಲೆಯನ್ನೇ ಮಿತಿಯಾಗಿ ಗೊತ್ತುಪಡಿಸಿತು. ವೆಚ್ಚ ಏರುತ್ತಲೇ ಹೋದರೆ ಅಂಥ ಮಿತಿ ನಿಲ್ಲುವುದಿಲ್ಲ: ತಯಾರಕರು ಅದನ್ನು ಏರಿಸಲು ಒತ್ತಾಯಿಸುತ್ತಾರೆ, ಇಲ್ಲವೇ ಸರಕು ಕಾಳಸಂತೆಗೆ ಹರಿಯುತ್ತದೆ. ವೆಚ್ಚ ಕಡಿತವೂ ಬೆಲೆ ನಿಯಂತ್ರಣವೂ ಪರಸ್ಪರ ಬದಲಿಗಳಲ್ಲ. ಮೊದಲನೆಯದು ಇಲ್ಲದೆ ಎರಡನೆಯದು ಬಾಳುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜನಸಾಮಾನ್ಯರು ಕೊಳ್ಳುವ ಸರಕುಗಳಲ್ಲೇ ವೆಚ್ಚ ತಗ್ಗಿಸಿದ ಉದಾಹರಣೆ ಇದೆಯೇ?

ಉತ್ತರ 3

ಬ್ರಿಟನ್ನಿನ ಯುಟಿಲಿಟಿ ಯೋಜನೆಯನ್ನು ನೋಡಿ. 1941ರಿಂದ ಬಟ್ಟೆಗೂ ಮರುವರ್ಷದಿಂದ ಪೀಠೋಪಕರಣಕ್ಕೂ ಸರ್ಕಾರವೇ ಗುಣಮಟ್ಟವನ್ನೂ ಬೆಲೆಯನ್ನೂ ನಿಗದಿಪಡಿಸಿತು. ಇದರ ಜೊತೆಗೆ ಬಂದ ಮಿತವ್ಯಯದ ನಿಯಮಗಳು ಉಡುಪುಗಳ ಜೇಬು, ಗುಂಡಿ, ನೆರಿಗೆಗಳಿಗೆ ಮಿತಿ ಹಾಕಿದವು; ಪ್ಯಾಂಟಿನ ತುದಿಯ ಮಡಿಕೆಯನ್ನೂ ಬಿಡಲಿಲ್ಲ. ಕೆಲವೇ ಬಗೆಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದಾಗ ಬಟ್ಟೆಯೂ ಶ್ರಮವೂ ಉಳಿದವು. ಯುಟಿಲಿಟಿ ಉಡುಪುಗಳಿಗೆ ಮಾರಾಟ ತೆರಿಗೆಯ ವಿನಾಯಿತಿಯೂ ದೊರೆಯಿತು. ಗುಣಮಟ್ಟವನ್ನು ಕಾಯ್ದುಕೊಂಡದ್ದೇ ಈ ಯೋಜನೆಯ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅದೇ ಬೆಲೆಗೆ ಬೇಗ ಹರಿಯುವ ಅಂಗಿ ಮಾರಿದರೆ ಅದು ಮರೆಯಾಗಿ ನಡೆಯುವ ಬೆಲೆ ಏರಿಕೆಯೇ ಸರಿ.

ಆದರೂ ನಿಮ್ಮ ಮೂಲ ಸಂದೇಹದಲ್ಲಿ ಹುರುಳಿದೆ. ಜನರ ಬಳಿ ಕೂಡಿಬಿದ್ದ ಹಣವನ್ನು ವೆಚ್ಚ ಕಡಿತ ಹೀರಿಕೊಳ್ಳಲಾರದು. ಅದಕ್ಕೆ ತೆರಿಗೆಯೂ ಉಳಿತಾಯ ಪತ್ರಗಳೂ ಬೇಕೇ ಬೇಕು. ಅಮೆರಿಕದಲ್ಲಿ 1946ರಲ್ಲಿ ನಿಯಂತ್ರಣಗಳು ಸಡಿಲಗೊಂಡಾಗ ಆ ಹಣ ಒಮ್ಮೆಗೇ ಮಾರುಕಟ್ಟೆಗೆ ನುಗ್ಗಿ, ಆ ವರ್ಷದ ಡಿಸೆಂಬರಿಗೆ ಗ್ರಾಹಕ ಬೆಲೆಗಳು ಹಿಂದಿನ ಡಿಸೆಂಬರಿಗಿಂತ ಸುಮಾರು ಶೇ. 18ರಷ್ಟು ಮೇಲಕ್ಕೆ ಹೋಗಿದ್ದವು.